ಮೂಟೆಗೆರಡು ಕಿಲೋ ಸೂಟು

ಕಾಡಿನಾಚೆಗೆ ಕರೆಂಟು ತಂತಿ ಎಳೆಯಲು ಎರಡು ಸಣ್ಣ ಹೆಲಿಕಾಪ್ಟರುಗಳನ್ನು ಹಂಗಳ ಊರಿನ ಬಯಲಲ್ಲಿ ಪರೀಕ್ಷೆಗಿಟ್ಟಿದ್ದರು. ಹೇಳಿದಷ್ಟು ತೂಕ ಯಾವುದು ಎತ್ತುತ್ತದೋ ಅದಕ್ಕೆ ಕೆಲಸ. ಹಳೆಯದರ ಮೆಕ್ಯಾನಿಕ್ ಕುದೇರಿನವನು. ತನ್ನ ಟವೆಲಿನಲ್ಲೇ ಅದರ ಗಾಜು ಒರೆಸುತ್ತ, ಹೊಸದನ್ನು ತೋರಿಸಿ, “ಅದು ಬರೀ ಸದ್ದು ಕಣಣ್ಣೋ” ಎನ್ನುತ್ತಿದ್ದ.

ಹೊಸದು ಸಲೀಸಾಗಿ ಎದ್ದಿತು. ಹಳೆಯದಕ್ಕೆ ಮರಳುಮೂಟೆ ತೂಗಿದವನು ನಾನು, ಗುಂಡ್ಲುಪೇಟೆ ಮಂಡಿಯಲ್ಲಿ ಈರುಳ್ಳಿ ತೂಗುವವನು. ಅಲ್ಲಿ ಮಣ್ಣು, ಕೊಳೆತಕ್ಕೆಂದು ಮೂಟೆಗೆರಡು ಕಿಲೋ ಮುರಿದುಕೊಳ್ಳುತ್ತೇವೆ, ಅದೇ ಸೂಟು. ಕೈ ರೂಢಿಯಂತೆ ಇಲ್ಲೂ ಸೂಟು ಕಳೆದೇ ತೂಕ ಬರೆಸಿದ್ದೆ. ಹೇರಿದ್ದು ಬರೆಸಿದ್ದಕ್ಕಿಂತ ಹೆಚ್ಚಾಗಿ, ಅದು ಮೊಳದೆತ್ತರ ಎದ್ದು ಕೂತುಬಿಟ್ಟಿತು.

“ತೂಕ ಸರಿಯಾಗೈತಾ ಅಣ್ಣ?” ಎಂದು ಮೆಕ್ಯಾನಿಕ್ ಕೇಳಿದ.

ತಪ್ಪು ಹೊಳೆದಿತ್ತು. ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಒಂದ್ ಗ್ರಾಮೂ ಹೆಚ್ಚಿಲ್ಲ ಕಣಪ್ಪ” ಎಂದುಬಿಟ್ಟೆ.

ಪಾಪ, ನಂಬಿದ. ಹೆಲಿಕಾಪ್ಟರಿನ ಮೂತಿ ಸವರಿ ಮೆಲ್ಲಗೆ ಕೇಳಿದ: “ಮೈಗ್ ಉಸಾರಿಲ್ವೇನಮ್ಮಿ?”