ಅಳೂದು ಸ್ಟೇಜಿಗಿರ್ಲಿ

ಅಹಮದಾಬಾದಿನ ನಮ್ಮ ಕನ್ನಡ ನಾಟಕಗಳಿಗೆಲ್ಲ ಅವರೇ ನಿರ್ದೇಶಕರು. ಧಾರವಾಡದ ಕಡೆಯವರು, ವಿಮೆ ಕಚೇರಿಯಲ್ಲಿ ಕೆಲಸ. ವಸ್ತ್ರಾಪುರದ ಅವರ ಫ್ಲ್ಯಾಟಿನಲ್ಲೇ ತಾಲೀಮು. ಇಲ್ಲೇ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬಾರದೆಂದು, ಅವರವರ ಪಾತ್ರದ ಮಾತುಗಳನ್ನೆಲ್ಲ ಗುಜರಾತಿ ಅಕ್ಷರದಲ್ಲಿ ತಾವೇ ಕೂತು ಬರೆದುಕೊಡುತ್ತಿದ್ದರು. ಯಾರಾದರೂ ಗೋಳಾಡಲು ಶುರುಮಾಡಿದರೆ ತೋರುಬೆರಳೆತ್ತಿ ತಡೆಯುತ್ತಿದ್ದರು: "ಅಳೂದು ಸ್ಟೇಜಿಗಿರ್ಲಿ, ಮುಂದ ಹೋಗ್ರಿ." ಹಾಗಾಗಿ, ತಮ್ಮನ ಹೆಣದ ಮುಂದೆ ಅಕ್ಕ ಅಳುವ ಕೊನೆಯ ದೃಶ್ಯವನ್ನು ನಾವು ಒಮ್ಮೆಯೂ ಮಾಡಿ ನೋಡಿರಲಿಲ್ಲ.

ಹೆಣ ನಾನು. ಪ್ರದರ್ಶನದ ದಿನ ಬಿಳಿ ಬಟ್ಟೆ ಹೊದ್ದು ಮಲಗಿದ್ದೆ. ಅಕ್ಕನ ಪಾತ್ರದ ಹುಡುಗಿ ಅವರು ಬರೆದುಕೊಟ್ಟ ಹಾಳೆಯಲ್ಲಿದ್ದುದನ್ನೇ ಬಾಯಿಪಾಠ ಮಾಡಿ ಬಂದಿದ್ದಳು. ನನ್ನ ಎದೆಯ ಮೇಲೆ ಬಿದ್ದು ಕೂಗಿದಳು: "ಸಂದೀಪಾ, ಏಳೋ!"

ನಾಟಕದಲ್ಲಿ ನನ್ನ ಹೆಸರು ಮೋಹನ.

ಮುಂದಿನ ಸಾಲಿನಿಂದ ನಿರ್ದೇಶಕರ ಹೆಂಡತಿ ಚೀರಿದ್ದು ಕೇಳಿಸಿತು. "ರೀ, ನಮ್ಮ ಮಗನ ಹೆಸರು ಯಾಕ ಬರದ್ರಿ?"

ಅವರಿಗೊಬ್ಬ ಮಗನಿದ್ದು ತೀರಿಕೊಂಡಿದ್ದನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದೆ. ನಿರ್ದೇಶಕರು ರಂಗದ ಮೇಲೆ ನಡೆದು ಬಂದು, ನನ್ನ ಮುಖದ ಮೇಲಿನ ಬಟ್ಟೆ ಸರಿಸಿ, ಬಗ್ಗಿ ನೋಡಿದರು.

"ಇಂವ ಅಲ್ಲ" ಎಂದರು. ಮತ್ತೆ ಹೊದಿಸಿದರು.