ಭಾಳ ಕಡಿಮಿ ಆಗೇತಿ

ವಿಶಾಖಪಟ್ಟಣದ ಆ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ನರ್ಸ್ ನಾನೊಬ್ಬಳೇ. ಹಾಗಾಗಿ ನೌಕಾಪಡೆಯವನೊಬ್ಬನ ತಾಯಿ, ಗದಗಿನ ಶಾಂತವ್ವ, ನನ್ನ ಪಾಲಿಗೆ ಬಂದರು. ವರ್ಷಗಳ ಸೊಂಟನೋವು. ಎಕ್ಸ್‌ರೇ ಪರದೆ ನೋಡುತ್ತಾ ಸೂಜಿ ಇಳಿಸಿ, ನೋವು ಒಯ್ಯುವ ನರವನ್ನೇ ಸುಡುವ ಚಿಕಿತ್ಸೆ ನಮ್ಮಲ್ಲಿ ಆಗಷ್ಟೇ ಶುರುವಾಗಿತ್ತು. ಅದಕ್ಕೂ ಮೊದಲು ಅದೇ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನೋವು ಆ ನರದ್ದೇ ಹೌದೋ ಎಂದು ಪರೀಕ್ಷಿಸುತ್ತಾರೆ. "ನೋವು ಕಡಿಮೆಯಾದ್ರೆ ಮಾತ್ರ ಮುಂದಿನದು ಮಾಡ್ತಾರಮ್ಮಾ" ಎಂದು ಬಿಡಿಸಿ ಹೇಳಿದೆ. ಹೇಳಬಾರದಿತ್ತು.

ಇಂಜೆಕ್ಷನ್ ಆದ ಅರ್ಧ ಗಂಟೆಗೆ ಡಾಕ್ಟರು ಬಗ್ಗಿ ತೋರಿಸಲು ಹೇಳಿದರು. ಶಾಂತವ್ವ ಬಗ್ಗಿ ಚಪ್ಪಲಿ ಎತ್ತಿಕೊಂಡರು. ಇನ್ನೊಂದು ಕೈ ಮಂಚದ ಸರಳನ್ನು ಬಿಗಿಯಾಗಿ ಹಿಡಿದಿದ್ದು ನನಗೆ ಕಂಡಿತು.

"ಮಗ ರಜಾ ಹಾಕಿ ಬಂದಾನ. ಭಾಳ ಕಡಿಮಿ ಆಗೇತಿ ಅಂತ ಹೇಳವಾ" ಎಂದರು.

ತುಂಬಾ ಕಡಿಮೆಯಾಗಿದೆಯಂತೆ ಎಂದು ಡಾಕ್ಟರಿಗೆ ತೆಲುಗಿನಲ್ಲಿ ಹೇಳಿದೆ. ಮರುವಾರ ನರ ಸುಟ್ಟರು.

ಎರಡು ತಿಂಗಳ ಬಳಿಕ ಎಂವಿಪಿ ಕಾಲೋನಿಯ ತರಕಾರಿ ಅಂಗಡಿಯಲ್ಲಿ ಸಿಕ್ಕರು, ಸೊಂಟ ಹಿಡಿದುಕೊಂಡೇ.

"ನೋವು ಇದ್ದಂಗ ಐತಿ. ಡಾಕ್ಟರಿಗೆ ಹೇಳಬ್ಯಾಡ ತಂಗಿ. ಪಾಪ, ಬ್ಯಾಸರ ಮಾಡ್ಕೊಂತಾರ."

ನಾನು ಹೇಳಲಿಲ್ಲ. ಆಸ್ಪತ್ರೆಯ ಫೈಲಿನಲ್ಲಿ ಶಾಂತವ್ವ ಇಂದಿಗೂ ಗುಣವಾದವರು. ನನ್ನ ಅನುವಾದದಲ್ಲಂತೂ ಒಂದಕ್ಷರ ತಪ್ಪಿರಲಿಲ್ಲ.