ಪಿಪೆಟ್ ಅಧ್ಯಾಯಕ್ಕೆ ನಾನು ಕೊಟ್ಟ ಅಂಕ

ಪಠ್ಯಪುಸ್ತಕದ ಹಸ್ತಪ್ರತಿ ಮೌಲ್ಯಮಾಪನಕ್ಕೆ ಬಂದರೆ ನಮ್ಮ ಅಧ್ಯಾಪಕ ಬಳಗ ಮಾಡುವುದು ಇಷ್ಟೇ. ಪರಿವಿಡಿಯನ್ನು ಸಿಲಬಸ್ ಪಕ್ಕ ಇಟ್ಟು ಟಿಕ್ ಹಾಕುವುದು, ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರ ಒಳಗೆ ಸಿಗುತ್ತದೆಯೇ ಎಂದು ಹುಡುಕುವುದು, ಕೊನೆಗೆ ‘ಚಿತ್ರಗಳು ಇನ್ನಷ್ಟು ಸ್ಪಷ್ಟವಾಗಿರಬೇಕಿತ್ತು’ ಎಂದು ಬರೆದು ಸಹಿ ಹಾಕುವುದು. ಆ ಮಾತು ಯಾವ ಪುಸ್ತಕಕ್ಕೂ ಒಪ್ಪುತ್ತದೆ. ನಾನು ಮಾತ್ರ ಹಾಗಲ್ಲ ಎಂಬ ಜಂಭ ನನಗಿತ್ತು. ಹಾಸನದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಲೇ ಕೂದಲು ನರೆತಿದೆ. ಪ್ರತಿ ಸಾಲನ್ನೂ ಓದುವವಳು ಎಂಬುದೊಂದೇ ನನಗೆ ಉಳಿದಿದ್ದ ಹೆಮ್ಮೆ.

ಹೋದ ವರ್ಷ ನನ್ನ ಕೈಗೆ ಬಂದದ್ದು ಕನ್ನಡದಲ್ಲಿ ಬರೆದ ಪ್ರಯೋಗಾಲಯದ ಪುಸ್ತಕ. ಪದವಿ ವಿದ್ಯಾರ್ಥಿಗಳಿಗೂ, ಡೈರಿ, ಸಕ್ಕರೆ ಕಾರ್ಖಾನೆ, ನೀರು ಪರೀಕ್ಷೆಯ ಲ್ಯಾಬುಗಳಲ್ಲಿ ಕೆಲಸಕ್ಕೆ ಸೇರಿದ ಕೆಮಿಸ್ಟುಗಳಿಗೂ ಒಂದೇ ಪುಸ್ತಕ ಸಾಕಾಗುವಂತೆ ಬರೆದಿದ್ದರು. ಅದು ಸುಲಭದ ಕೆಲಸವಲ್ಲ. ವಿದ್ಯಾರ್ಥಿಗೆ ನಾಲ್ಕು ಅಂಕದ ವ್ಯಾಖ್ಯೆ ಬೇಕು. ಕೆಲಸದಲ್ಲಿರುವವನಿಗೆ ಹಾಲಿನ ಲಾರಿ ಗೇಟಿನಲ್ಲಿ ನಿಂತಿರುವಾಗ ಏನು ಮಾಡಬೇಕೆಂದು ತಿಳಿಯಬೇಕು. ಇಬ್ಬರಿಗೂ ಹೇಳುವ ಆ ಪುಸ್ತಕದಲ್ಲಿ ಅರಕಲಗೂಡಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆ, ಶುಂಠಿ ಹೊಲದ ಮಣ್ಣು ಎಲ್ಲವೂ ಉದಾಹರಣೆಗಳಾಗಿ ಬಂದಿದ್ದವು. ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಓದುತ್ತಾ ಖುಷಿಯಾಯಿತು.

ಲೇಖಕರ ಹೆಸರು ನಮಗೆ ತಿಳಿಸುವುದಿಲ್ಲ, ನಮ್ಮ ಹೆಸರು ಅವರಿಗೆ ತಿಳಿಸುವುದಿಲ್ಲ. ಆದರೆ ಪಿಪೆಟ್, ಅಂದರೆ ದ್ರಾವಣವನ್ನು ಅಳೆದು ತೆಗೆಯುವ ಗಾಜಿನ ಕೊಳವೆಯ ಅಧ್ಯಾಯಕ್ಕೆ ಬಂದಾಗ ಬರೆದವರು ಯಾರೆಂದು ನನಗೆ ಗೊತ್ತಾಗಿಹೋಯಿತು. ‘ಬಾಯಿಂದ ಮೆಲ್ಲಗೆ ಹೀರಿ. ಗುರುತು ದಾಟಿದೊಡನೆ ತೋರುಬೆರಳಿನಿಂದ ಮುಚ್ಚಿ, ಹೆಬ್ಬೆರಳಿನಿಂದಲ್ಲ. ಹೆಬ್ಬೆರಳು ಒರಟು, ಅದಕ್ಕೆ ನಯ ಗೊತ್ತಿಲ್ಲ.’ ಈ ಮಾತನ್ನು ನನ್ನ ಬೆರಳು ಹಿಡಿದು ತಿದ್ದಿ ಹೇಳಿದವರು ಒಬ್ಬರೇ. ಹೊಳೆನರಸೀಪುರದಲ್ಲಿ ನನಗೆ ಪಾಠ ಮಾಡಿದ, ಈಗ ಅಲ್ಲೇ ನಿವೃತ್ತರಾಗಿರುವ ನನ್ನ ಮೇಷ್ಟ್ರು.

ಲೇಖಕರ ಗುರುತು ಸಿಕ್ಕರೆ ಹಸ್ತಪ್ರತಿ ವಾಪಸ್ ಕಳಿಸಬೇಕೆಂಬುದು ನಿಯಮ. ನಾನು ಕಳಿಸಲಿಲ್ಲ. ಬೇರೆಯವರ ಕೈಗೆ ಹೋದರೆ ಟಿಕ್ ಹಾಕಿ ಮುಗಿಸುತ್ತಾರೆ, ನಾನಾದರೆ ನ್ಯಾಯವಾಗಿ ಓದುತ್ತೇನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮೇಷ್ಟ್ರ ಉತ್ತರಪತ್ರಿಕೆ ತಿದ್ದುವ ಅವಕಾಶ ಯಾವ ಶಿಷ್ಯೆಗೆ ತಾನೇ ಬೇಡ?

ಉಳಿದ ಅಧ್ಯಾಯಗಳಿಗೆಲ್ಲ ಒಳ್ಳೆಯ ಅಂಕ ಕೊಟ್ಟೆ. ಪಿಪೆಟ್ ಅಧ್ಯಾಯಕ್ಕೆ ಸೊನ್ನೆ. ಕೆಳಗೆ ಬರೆದೆ: ‘ಈ ಅಧ್ಯಾಯ ಅಪಾಯಕಾರಿ. ಬಾಯಿಂದ ಹೀರುವ ಪದ್ಧತಿ ಇಂದು ಯಾವ ಪ್ರಯೋಗಾಲಯದಲ್ಲೂ ಇಲ್ಲ. ಪಿಪೆಟ್ಟಿನ ತುದಿಗೆ ಸಿಕ್ಕಿಸಿ ಹಿಂಡುವ ರಬ್ಬರ್ ಬಲ್ಬ್ ಬಳಸುವ ವಿಧಾನವನ್ನು ವಿವರಿಸಿ ಹೊಸದಾಗಿ ಬರೆಯಬೇಕು.’ ಬರೆದ ಶಾಯಿ ಆರುವ ಮೊದಲೇ ಮಧ್ಯಾಹ್ನದ ಬ್ಯಾಚಿಗೆ ಹೋದೆ. ಅಲ್ಲಿ ನನ್ನ ಮಕ್ಕಳು ಸಾಲಾಗಿ ನಿಂತು ಕಾಸ್ಟಿಕ್ ಸೋಡಾ ದ್ರಾವಣವನ್ನು ಬಾಯಲ್ಲೇ ಹೀರುತ್ತಿದ್ದರು. ಒಬ್ಬ ಹುಡುಗ ಸಿಂಕಿನ ಹತ್ತಿರ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ. ನಾನು ‘ಹುಷಾರು ಕಣೋ’ ಎಂದು ಹೇಳಿ ಮುಂದೆ ಹೋದೆ.

ನಮ್ಮಲ್ಲಿ ಬಲ್ಬ್ ಇರಲಿಲ್ಲವೆಂದಲ್ಲ. ಬೀರುವಿನಲ್ಲಿ, ಬಂದ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು. ತನಿಖೆಯವರು ಬರುವ ದಿನ ಮೇಜಿನ ಮೇಲೆ ಬರುತ್ತಿದ್ದವು, ಅವರು ಊಟ ಮಾಡಿ ಹೊರಟೊಡನೆ ಒಳಗೆ ಹೋಗುತ್ತಿದ್ದವು. ನಮ್ಮ ಕಡೆಯ ಲ್ಯಾಬುಗಳಲ್ಲಿ ಒಳ್ಳೆಯ ಸಾಮಾನಿನ ಪಾಡೇ ಹೀಗೆ. ನಮ್ಮ ಅಟೆಂಡರ್ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡಿರುತ್ತಾನೆ. ಕೇಳಿದರೆ, “ಐಕ್ಳು ಕೈಗೆ ಕೊಟ್ರೆ ವಾರಕ್ಕೆಲ್ಲ ಕಿತ್ತಾಕ್ತವೆ ಮೇಡಂ. ಸ್ಟಾಕ್ ಚೆಕಿಂಗಲ್ಲಿ ನನ್ ತಲೆಮ್ಯಾಲೆ ಬತ್ತದೆ” ಎನ್ನುತ್ತಾನೆ. ಅವನನ್ನು ದೂರಿ ಏನು ಪ್ರಯೋಜನ? ಬೀರು ತೆಗೆಸುವ ಅಧಿಕಾರ ನನಗೇ ಇತ್ತು. ಬಲ್ಬ್ ಬಳಸಿದರೆ ಪ್ರಯೋಗ ಎರಡು ಗಂಟೆಯಲ್ಲಿ ಮುಗಿಯುವುದಿಲ್ಲ ಎಂದು ನಾನೇ ಸುಮ್ಮನಿದ್ದೆ.

ಕೆಲವು ವಾರಗಳ ಮೇಲೆ ಮೇಷ್ಟ್ರ ಫೋನ್ ಬಂತು. ಪುಸ್ತಕ ಬರೆದಿರುವುದನ್ನೂ, ಅದು ತಿದ್ದುಪಡಿಗೆ ವಾಪಸ್ ಬಂದಿರುವುದನ್ನೂ ಹೇಳಿದರು. ಬೇಸರ ಮಾಡಿಕೊಂಡಿರಬಹುದು ಎಂದುಕೊಂಡೆ.

“ಓದಿದ ಪುಣ್ಯಾತ್ಮ ಯಾರೋ ಚೆನ್ನಾಗೇ ಓದವ್ರೆ ಕಣಮ್ಮ. ಬಾಯಲ್ಲಿ ಹೀರೋದು ಈಗ ಯಾವ ಲ್ಯಾಬಲ್ಲೂ ಇಲ್ವಂತಲ್ಲ, ನಂಗೆ ಗೊತ್ತೇ ಇರ್ಲಿಲ್ಲ ನೋಡು. ನೋಡ್ದಲೆ ಬರೆಯೋನಲ್ಲ ನಾನು. ಗುರುವಾರ ನಿನ್ ಲ್ಯಾಬಿಗೇ ಬತ್ತೀನಿ, ತೋರ್ಸು.”

ಆಗಲೇ ಹೇಳಿಬಿಡಬಹುದಿತ್ತು. “ಬನ್ನಿ ಸಾರ್” ಎಂದೆ.

ಗುರುವಾರ ಬೀರು ತೆಗೆಸಿದೆ. ಮಕ್ಕಳಿಗೆ ಬೆಳಿಗ್ಗೆಯೇ ಬಲ್ಬ್ ಹಿಡಿಯುವುದನ್ನು ಕಲಿಸಿದೆ. ಮೇಷ್ಟ್ರು ಹೊಳೆನರಸೀಪುರದ ಬಸ್ಸಿಳಿದು, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಬಂದರು. ಪ್ರತಿ ಮೇಜಿನ ಮುಂದೂ ನಿಂತು ನೋಡಿದರು. ತಾವೂ ಒಂದು ಬಲ್ಬ್ ತೆಗೆದುಕೊಂಡು ಪಿಪೆಟ್ಟಿಗೆ ಸಿಕ್ಕಿಸಿದರು. ಕೈ ನಡುಗುತ್ತಿತ್ತು. ದ್ರಾವಣ ಒಮ್ಮೆ ಬಲ್ಬಿನೊಳಕ್ಕೇ ನುಗ್ಗಿತು, ಒಮ್ಮೆ ಕೆಳಕ್ಕೆ ಸುರಿಯಿತು, ಕೊನೆಗೆ ಸರಿಯಾಗಿ ಗುರುತಿನಲ್ಲಿ ನಿಂತಿತು. ಅವರ ಮುಖ ಮೊದಲ ಸಲ ಸೈಕಲ್ ಹತ್ತಿದವರ ಹಾಗೆ ಅರಳಿತು. ಪಕ್ಕದಲ್ಲಿದ್ದ ಹುಡುಗಿಯನ್ನು, “ನೀವ್ಯಾರೂ ಬಾಯಲ್ಲಿ ಹೀರೋದೇ ಇಲ್ವೇನಮ್ಮ?” ಎಂದು ಕೇಳಿದರು.

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ, “ಇಲ್ಲ ಸಾ” ಎಂದಳು.

ಅವರನ್ನು ಬಸ್‌ಸ್ಟ್ಯಾಂಡಿನ ಆಟೋ ಹತ್ತಿಸಿ ಬಂದಾಗ ಅದೇ ಹುಡುಗಿ ಬಲ್ಬುಗಳನ್ನೆಲ್ಲ ಟ್ರೇಯಲ್ಲಿ ಜೋಡಿಸಿಟ್ಟಿದ್ದಳು. “ಮೇಡಂ, ಸಾರ್ ಹೊಂಟೋದ್ರಲ್ಲ, ಇನ್ ಬಾಯಲ್ಲೇ ಮಾಡ್ಲಾ? ಬೇಗ ಆಯ್ತದೆ” ಎಂದಳು. ಅವಳ ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ನನಗೆ ನಾಚಿಕೆಯಾಯಿತು, ಆದರೂ ಬೇಡ ಎನ್ನಲಿಲ್ಲ.

ತಿದ್ದಿದ ಹಸ್ತಪ್ರತಿ ಮರುಪರಿಶೀಲನೆಗೆ ನನಗೇ ಬಂತು. ಪಿಪೆಟ್ ಅಧ್ಯಾಯ ಈಗ ಇಡೀ ಪುಸ್ತಕದಲ್ಲೇ ಚೆನ್ನಾಗಿತ್ತು; ನಡುಗುವ ಕೈಯವರು ಬಲ್ಬ್ ಹೇಗೆ ಹಿಡಿಯಬೇಕೆಂಬುದನ್ನೂ ಬರೆದಿದ್ದರು. ಕೊನೆಯಲ್ಲಿ ಹೀಗಿತ್ತು: ‘ಹಾಸನದಲ್ಲಿ ನನ್ನ ಶಿಷ್ಯೆಯ ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿಯೂ ಪಿಪೆಟ್ಟಿಗೆ ಬಾಯಿ ಹಚ್ಚುವುದಿಲ್ಲ. ಕಣ್ಣಾರೆ ಕಂಡು ಬರೆಯುತ್ತಿದ್ದೇನೆ. ಅಷ್ಟು ಮಕ್ಕಳಿಗೆ ಸಾಧ್ಯವಾದದ್ದು ಕೆಲಸದಲ್ಲಿರುವ ಕೆಮಿಸ್ಟುಗಳಿಗೆ ಏಕೆ ಸಾಧ್ಯವಿಲ್ಲ?’

ಒಪ್ಪಿಗೆ ಕೊಟ್ಟರೆ ನನ್ನ ನಾಟಕ ಅವರ ಹೆಸರಿನಲ್ಲಿ ಅಚ್ಚಾಗುತ್ತದೆ. ಸುಳ್ಳು ಗೊತ್ತಿಲ್ಲದ ಮನುಷ್ಯ ಸಾಕ್ಷಿ ಹೇಳುತ್ತಾರೆ, ಓದಿದವರು ನಂಬುತ್ತಾರೆ. ಅವರಿಗೆ ನೇರವಾಗಿ ಹೇಳುವ ಧೈರ್ಯವೂ ನನಗಿರಲಿಲ್ಲ. ಹೆಸರಿಲ್ಲದ ಮೌಲ್ಯಮಾಪಕಿಯ ಸೆರಗಿನ ಮರೆಯಲ್ಲಿ ನಿಂತು ಬರೆದೆ: ‘ಈ ಸಾಲುಗಳು ವಾಸ್ತವಕ್ಕೆ ದೂರ. ತೆಗೆದರೆ ಪುಸ್ತಕವನ್ನು ಒಪ್ಪಬಹುದು.’ ಸಾಲು ಹೋಗುತ್ತದೆ, ಪುಸ್ತಕ ಬರುತ್ತದೆ, ನನ್ನ ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮುಂದಿನ ಫೋನ್ ಬಂದಾಗ ನಾನು ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕಿಯಾಗಿ ಹೋಗಿದ್ದೆ. ಎಲ್ಲ ಮೇಜಿನ ಮೇಲೂ ಹೊಸ ಬಲ್ಬುಗಳಿದ್ದವು. ಮಕ್ಕಳು ಅವನ್ನು ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ನಾನು ಬರುತ್ತೇನೆಂದು ಅವತ್ತು ಬೆಳಿಗ್ಗೆಯಷ್ಟೇ ತೆಗೆದಿದ್ದರೆಂದು.

ಮೇಷ್ಟ್ರು ಸಿಟ್ಟಿನಲ್ಲಿದ್ದರು. “ನಿನ್ ಲ್ಯಾಬ್ ಬಗ್ಗೆ ನಾನ್ ಬರೆದಿದ್ದು ಸುಳ್ಳಂತೆ ಕಣಮ್ಮ! ಯಾವನೋ ನಿನ್ ಮ್ಯಾಲೆ ಒಟ್ಟೆಕಿಚ್ಚಿಟ್ಕೊಂಡವ್ನೆ. ನಾನ್ ಆ ಸಾಲ್ ತೆಗೆಯಲ್ಲ. ಪುಸ್ತಕನೇ ಬ್ಯಾಡ, ವಾಪಸ್ ತಗತೀನಿ ಅಂತ ನಾಳೆನೇ ಬರೀತೀನಿ.”

ಈ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಬೇಕೆಂದೇ ಅವರು ಇಳಿವಯಸ್ಸಿನಲ್ಲಿ ಅಷ್ಟು ಬರೆದದ್ದು. ನನ್ನ ಮರ್ಯಾದೆಗಾಗಿ ಅದನ್ನೇ ಬಿಟ್ಟುಕೊಡಲು ಹೊರಟಿದ್ದರು. ಬಸ್ಸಿನ ತುಂಬಾ ಜನ. ಶಾಂತಿಗ್ರಾಮದಲ್ಲಿ ಇಳಿದುಬಿಟ್ಟೆ. ರಸ್ತೆ ಬದಿಯ ಮರದ ಕೆಳಗೆ ನಿಂತು ಹೇಳಿದೆ.

“ಸಾರ್, ಅದು ಸುಳ್ಳೇ. ನೀವು ಬರ್ತೀರಿ ಅಂತ ಬಲ್ಬ್ ತೆಗೆಸಿದ್ದೆ. ಮಿಕ್ಕ ದಿನ ಎಲ್ಲರೂ ಬಾಯಲ್ಲೇ ಹೀರ್ತಾರೆ. ವರದಿ ಬರೆದವಳೂ ನಾನೇ ಸಾರ್. ಎರಡು ಸಲವೂ.”

ಬಯ್ಯಲಿ ಎಂದು ಕಾಯುತ್ತಿದ್ದೆ. ಬೈಸಿಕೊಂಡರೆ ಎಷ್ಟೋ ಹಗುರಾಗುತ್ತಿತ್ತು.

“ಇವತ್ತೂ ಬಾಯಲ್ಲೇನಾ?” ಎಂದರು.

“ಹೂಂ ಸಾರ್.”

“ಸಾಲ್ ತೆಗೆಯಲ್ಲಮ್ಮ ನಾನು. ಬರೆದಾಯ್ತು. ನೀನು ಅದ್ನ ನಿಜ ಮಾಡು. ಆದ ದಿನ ಒಂದ್ ಫೋನ್ ಮಾಡು, ಆಗ ಪುಸ್ತಕ ಅಚ್ಚಿಗೆ ಕಳಿಸ್ತೀನಿ. ಅಲ್ಲೀಗಂಟ ಇಲ್ಲೇ ಇರ್ಲಿ.”

ಮರುದಿನವೇ ಬೀರುವಿನ ಬೀಗದ ಕೈ ಇಸಿದುಕೊಂಡೆ. ಅಂದಿನಿಂದ ಬಲ್ಬುಗಳು ಮೇಜಿನ ಮೇಲೇ ಇವೆ. ಕೆಲವು ಹರಿದವು, ಅಟೆಂಡರ್ ಗೊಣಗಿದ. ಬ್ಯಾಚು ತಡವಾಗಿ ಮುಗಿದು ಹಳ್ಳಿಯ ಮಕ್ಕಳಿಗೆ ಬಸ್ಸು ತಪ್ಪಿತು, ಅವರೂ ಗೊಣಗಿದರು. ನಾನು ನೋಡುತ್ತಿರುವಾಗ ಎಲ್ಲರೂ ಬಲ್ಬನ್ನೇ ಹಿಡಿಯುತ್ತಾರೆ. ಲೆಕ್ಕ ಬರೆಯಲು ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ಎಲ್ಲೋ ಸುರ್ರೆಂದು ಹೀರುವ ಸದ್ದು ಕೇಳುತ್ತದೆ. ತಿರುಗಿ ನೋಡುವಷ್ಟರಲ್ಲಿ ಎಲ್ಲರ ಕೈಯಲ್ಲೂ ಬಲ್ಬ್ ಇರುತ್ತದೆ. ಹಾಗೆ ಮಾಡುವುದನ್ನು ಅವರಿಗೆ ಕಲಿಸಿದವಳು ನಾನೇ.

ಹೊಳೆನರಸೀಪುರದಲ್ಲಿ ಪುಸ್ತಕ ಕಾಯುತ್ತಿದೆ. ನಾನಿನ್ನೂ ಫೋನ್ ಮಾಡಿಲ್ಲ.